ತಂತಿಯ ಆ ತುದಿಯಲ್ಲಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದರಲ್ಲಿ, ಬಿಸಿನೀರಿನ ತೊಟ್ಟಿಗೆ ಒರಗಿಸಿದ ಏಣಿಯ ಮೇಲೆ ಒಬ್ಬ ಹೆಂಗಸು ಸ್ಕ್ರೂಡ್ರೈವರ್ ಕಚ್ಚಿಕೊಂಡು ನಿಂತಿದ್ದಾರೆ. ಕೆಳಗೆ, ಪಂಪಿನ ಕಂಟ್ರೋಲ್ ಪ್ಯಾನೆಲ್ ಮುಂದೆ, ಅವರ ಮೈದುನ. ಯಂತ್ರಗಳಿಂದ ಸುದ್ದಿ ತರುವ ತಂತಿಗಳಿಗೆ ಕಾವಲು ಕೂರಿಸುವುದು ಇಬ್ಬರ ಕಸುಬು; ಅದನ್ನು ನೋಡಿ ಬರೆಯಲು ನಾನು ಬಂದಿದ್ದೇನೆ.

ತೊಟ್ಟಿ ತುಂಬಿದರೆ ಮೇಲಿನ ಸ್ವಿಚ್ ಪ್ಯಾನೆಲ್‌ಗೆ ಸುದ್ದಿ ಕಳಿಸುತ್ತದೆ, ಪಂಪು ನಿಲ್ಲುತ್ತದೆ. ತುಂಬದಿದ್ದರೆ ಮೌನ. ತಂತಿ ತುಂಡಾದರೂ ಅದೇ ಮೌನ. ಹೋದ ತಿಂಗಳು ಆ ಎರಡನ್ನು ಬೇರೆ ಮಾಡಿ ಹೇಳುವಂಥದ್ದು ಇಲ್ಲಿ ಏನೂ ಇರಲಿಲ್ಲ. ತಂತಿ ತುಂಡಾಗಿದ್ದು ಗೊತ್ತಾಗದೆ ನೀರು ಉಕ್ಕಿ, ಕೆಳಗೆ ಬಟ್ಟೆ ಜಾಲಾಡುತ್ತಿದ್ದ ಹಿರಿಯ ಕೆಲಸಗಾರರೊಬ್ಬರ ಪಾದಗಳು ಬೆಂದವು. ಇಂದು ಅವರು ಮತ್ತೆ ಕೆಲಸಕ್ಕೆ ಬಂದಿದ್ದಾರೆ.

ಉಪಾಯ ಸಣ್ಣದು. ಸ್ವಿಚ್ಚಿನ ಬಳಿಯೇ ಕರೆಂಟಿಗೆ ತಡೆಯೊಡ್ಡುವ ಅಕ್ಕಿಕಾಳಿನಷ್ಟು ರೆಸಿಸ್ಟರ್ ಸೇರಿಸಿದರೆ, ತೊಟ್ಟಿ ತುಂಬದಿರುವಾಗಲೂ ತಂತಿಯಲ್ಲಿ ಒಂದಿಷ್ಟು ಕರೆಂಟು ಹರಿಯುತ್ತಲೇ ಇರುತ್ತದೆ. ಅದೂ ನಿಂತರೆ ತಂತಿ ಹೋಗಿದೆ ಎಂದರ್ಥ. ಆಗ ಹಸಿರು ದೀಪ ಹೋಗಿ ಕೆಂಪು ಹತ್ತಿ, ಪಂಪು ನಿಲ್ಲುತ್ತದೆ.

"ಅತ್ತಿಗೆ, ಹಸಿರು ಬಂತು! ಇಳೀರಿ, ಟೀ ಕುಡಿಯೋಣ."

ಅವರು ಇಳಿಯುವುದಿಲ್ಲ. ಸ್ವಿಚ್ಚಿನ ಮುಚ್ಚಳ ತೆಗೆದು ನೋಡುತ್ತಾರೆ. ತಂತಿಯನ್ನು ಕಿತ್ತು ಕೇಳುತ್ತಾರೆ, "ಈಗ?"

"ಈಗ್ಲೂ ಹಸಿರೇ."

"ರೆಸಿಸ್ಟರ್ ಎಲ್ಲಿ ಹಾಕ್ದೆ?"

ಮೈದುನ ತಲೆ ಕೆರೆದುಕೊಳ್ಳುತ್ತಾನೆ. "ಇಲ್ಲೇ, ಪ್ಯಾನೆಲ್ ಒಳಗೆ. ಏಣಿ ಹತ್ತೋದು ತಪ್ಪುತ್ತಲ್ಲಾಂತ..."

"ಎಂಥ ಸೋಮಾರಿ ಮಾರಾಯ! ಅಲ್ಲಿ ಕೂತ್ಕೊಂಡು ಅದು ತನ್ನನ್ನೇ ಕಾಯ್ತಿದೆ. ಇಷ್ಟುದ್ದ ತಂತೀನ ಕಾಯೋರ್ಯಾರು? ಅದನ್ನ ಕಿತ್ಕೊಂಡು ಬಾ ಮೇಲೆ."

ಅಷ್ಟರಲ್ಲಿ ಪಾಳಿಯ ಸೈರನ್ ಕೂಗುತ್ತದೆ. ಪಂಪಿನ ಗುಂಡಿಯ ಬಳಿ ಸೂಪರ್‌ವೈಸರ್ ಚಡಪಡಿಸುತ್ತಾರೆ. "ಮೇಡಂ, ಬಟ್ಟೆ ರಾಶಿ ಬಿದ್ದಿದೆ. ಇವತ್ತೊಂದಿನ ಹೀಗೇ ನಡೆಸೋಣ್ವಾ?"

"ನಡೆಸಿ ಸರ್. ಆದ್ರೆ ಕೆಳಗೆ ಬಟ್ಟೆ ಜಾಲಾಡೋ ಆ ಅಣ್ಣನ ಜಾಗದಲ್ಲಿ ನೀವು ನಿಂತ್ಕೋಬೇಕು."

ಸೂಪರ್‌ವೈಸರ್ ನಕ್ಕು ಗುಂಡಿಯಿಂದ ಕೈ ತೆಗೆಯುತ್ತಾರೆ.

ಮಂಡಿಗೆ ಪಟ್ಟಿ ಕಟ್ಟಿಕೊಂಡೇ ಊರೂರಿನ ಏಣಿಗಳನ್ನು ಹತ್ತಿದವರು ಈ ಅತ್ತಿಗೆ. "ಎಲ್ಲ ಸರಿ ಇದ್ರೆ, ಇವಳು ಮಾಡಿದ್ದಾದ್ರೂ ಏನು ಅಂತಾರೆ. ಅನ್ಲಿ ಬಿಡಿ," ಎನ್ನುತ್ತ, ಮೈದುನ ತಂದುಕೊಟ್ಟ ರೆಸಿಸ್ಟರನ್ನು ಸ್ವಿಚ್ಚಿನ ಬದಿಗೆ ಬಿಗಿಯುತ್ತಾರೆ. ಮತ್ತೆ ತಂತಿ ಕೀಳುತ್ತಾರೆ. ಕೆಂಪು. ಸೂಪರ್‌ವೈಸರ್ ಗುಂಡಿ ಒತ್ತಿದರೂ ಪಂಪು ಅಲುಗುವುದಿಲ್ಲ. ತಂತಿ ಜೋಡಿಸಿದ ಮೇಲಷ್ಟೇ ಅದು ಗುರುಗುಟ್ಟುತ್ತದೆ.

ಕೆಳಗೆ ಆ ಹಿರಿಯರು ಬಟ್ಟೆ ಎತ್ತಿಕೊಳ್ಳುತ್ತಾರೆ.

ಏಣಿ ಇಳಿದವರು ನನಗೆ ಮೆಲ್ಲಗೆ ಹೇಳುತ್ತಾರೆ: "ಬಂದಾಗಿಂದ ಅಣ್ಣ ತೊಟ್ಟಿ ಕಡೇನೇ ಮುಖ ಮಾಡಿ ನಿಂತಿದ್ರು. ಈಗ ನೋಡಿ, ಅದಕ್ಕೆ ಬೆನ್ನು ಹಾಕಿದ್ದಾರೆ."