ಎಣಿಸದ ಕುರಿಗಳು

ಯಾರ ಮನೆಗೆ ಹೋದರೂ ಪ್ರಶ್ನೆ ಕೇಳುವುದು ನನ್ನ ಹುಟ್ಟುಗುಣ. ಮಧುಗಿರಿಯ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುವ ನನಗೆ ಅದು ಕೆಲಸಕ್ಕೂ ಬಂತು. ಬಡ್ತಿಗೆ ಒಂದು ಸಂಶೋಧನಾ ಲೇಖನ ಬೇಕಿತ್ತು. ನಮ್ಮ ಸುತ್ತಲಿನ ಕುರಿಮಂದೆಗಳು ದೊಡ್ಡವಾಗುತ್ತಿವೆಯೋ ಚಿಕ್ಕವಾಗುತ್ತಿವೆಯೋ ಎಂದು ತಿಳಿಯುವ ಆಸೆ ಮೊದಲಿಂದಲೂ ಇತ್ತು. ರಜೆ ಸಿಕ್ಕಾಗಲೆಲ್ಲ ಬಸ್ಸು ಹತ್ತಿ ದೊಡ್ಡೇರಿ, ಹೊಳವನಹಳ್ಳಿ, ಬರಗೂರು, ಪಾವಗಡದ ಕಡೆಯ ಹಟ್ಟಿಗಳನ್ನು ಸುತ್ತಿದೆ.

ಎಲ್ಲ ಕಡೆಯೂ ನನ್ನ ಮೊದಲ ಪ್ರಶ್ನೆ, ಕುರಿ ಎಷ್ಟಿವೆ? ಪಾವಗಡದ ಹತ್ತಿರ ಒಬ್ಬರು, "ಏದೋ ನಾಲುಗು ಗೊರ್ರೆಲುನ್ನಾಯಮ್ಮಾ" ಎಂದರು. ಏನೋ ನಾಲ್ಕು ಕುರಿ ಇವೆ ಎಂದು ಅವರು ಹೇಳುತ್ತಿದ್ದಾಗ ಅವರ ಬೆನ್ನ ಹಿಂದಿನ ಬಯಲಿನ ತುಂಬ ಕುರಿಗಳೇ ಮೇಯುತ್ತಿದ್ದವು. ಮತ್ತೆ ಮತ್ತೆ ಕೇಳಿದ್ದಕ್ಕೆ, ಹೋಗಲಿ ನಲವತ್ತು ಬರೆದುಕೊ ಎಂದರು. ಬರೆದುಕೊಂಡೆ. ಕಣ್ಣಿಗೆ ಕಂಡದ್ದಕ್ಕೂ ಪುಸ್ತಕದಲ್ಲಿ ಬರೆದದ್ದಕ್ಕೂ ತಾಳೆಯಾಗುತ್ತಿಲ್ಲ ಎಂದು ಅನ್ನಿಸಿತ್ತು. ಆದರೆ ಬಸ್ಸಿನ ಹೊತ್ತಾಗಿತ್ತು.

ಲೇಖನ ಬರೆದು ಜರ್ನಲ್ಲಿಗೆ ಕಳಿಸಿದೆ. ಅದನ್ನು ಪರಿಶೀಲಿಸಿದವರು ಒಂದೇ ಒಂದು ಪ್ರಶ್ನೆ ಕೇಳಿದರು: ಈ ಸಂಖ್ಯೆಗಳು ನಿಮಗೆ ಹೇಗೆ ಸಿಕ್ಕವು? ಕೇಳಿ ಬರೆದುಕೊಂಡೆ ಎಂದರೆ ಸಪ್ಪೆಯಾಗಿ ಕಾಣುತ್ತಿತ್ತು. 'ಲೇಖಕಿ ಖುದ್ದಾಗಿ ಎಣಿಸಿದ್ದಾರೆ' ಎಂದು ಸೇರಿಸಿದೆ. ಸುಳ್ಳು ಹೇಳಬೇಕಲ್ಲ ಎಂದು ಸಂಕಟಪಟ್ಟೆ ಎಂದೇನಾದರೂ ಈಗ ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಆ ಸಾಲು ಟೈಪ್ ಮಾಡಿ ಎದ್ದುಹೋಗಿ ಕಾಫಿ ಮಾಡಿಕೊಂಡು ಕುಡಿದೆ.

ಆ ಜರ್ನಲ್ ಎಲ್ಲರಿಗೂ ತೆರೆದಿಟ್ಟದ್ದು. ಯಾರು ಬೇಕಾದರೂ ಮೊಬೈಲಿನಲ್ಲೇ ಪೂರ್ತಿ ಓದಬಹುದು. ಬೀಗ ಹಾಕಿದ ಜರ್ನಲ್ಲುಗಳನ್ನು ತರಗತಿಯಲ್ಲಿ ಬೈಯುತ್ತಿದ್ದವಳು ನಾನು, ಬೇಕೆಂದೇ ಇದನ್ನು ಆರಿಸಿಕೊಂಡಿದ್ದೆ. ಲೇಖನ ಬಂದ ದಿನ ಹೆಮ್ಮೆಯಿಂದ ಸಿಕ್ಕಸಿಕ್ಕವರಿಗೆಲ್ಲ ಲಿಂಕ್ ಕಳಿಸಿದೆ. ಬರಗೂರಿನ ಹತ್ತಿರದ ಹಟ್ಟಿಯಲ್ಲಿ ನನ್ನ ಪ್ರಶ್ನೆಗಳಿಗೆ ಉತ್ತರ ಕೊಟ್ಟಿದ್ದ ಒಬ್ಬ ಹಿರಿಯ ಹೆಂಗಸಿನ ಸೊಸೆಗೂ ಕಳಿಸಿದೆ. ಅವಳು ಡಿಗ್ರಿ ಓದಿದವಳು. ಸಂತೋಷಪಡಲಿ ಎಂದು ಕಳಿಸಿದ್ದೇ ಹೊರತು ಓದುತ್ತಾಳೆ ಎಂದುಕೊಂಡಿರಲಿಲ್ಲ.

ಅವಳು ಓದಿದಳು. ಸಾಲು ಸಾಲಾಗಿ ಕನ್ನಡಕ್ಕೆ ತಿರುಗಿಸಿ ಅತ್ತೆಗೂ ಹೇಳಿದಳು. ಮುಂದಿನ ಭಾನುವಾರ ನಾನು ಹೋದಾಗ ಆ ಅತ್ತೆ ಜಗಲಿಯ ಮೇಲೆ ಕೂತು ನಗುತ್ತಿದ್ದರು.

"ಎಣಿಸ್ದೆ ಅಂತ ಬರ್ದಿದ್ದೀಯಂತೆ? ಯಾವಾಗ ಎಣಿಸ್ದೆ ಕಣಮ್ಮ? ಇಲ್ಲೇ ಕುಂತು ಮಜ್ಜಿಗೆ ಕುಡ್ದು ವೋದೆ."

"ನೀವು ಹೇಳಿದ್ದನ್ನೇ ಬರೆದೆ ಅಮ್ಮ."

"ಕುರಿ ಲೆಕ್ಕ ಯಾರಾನ ಬಾಯಿಬುಟ್ಟು ಹೇಳ್ತಾರಾ? ಕಣ್ಣು ಬಿದ್ರೆ ಮಂದೆ ಉಳೀತದಾ? ನಾನು ಅರ್ಧ ಹೇಳ್ದೆ. ಎಲ್ರೂ ಅಂಗೇ ಹೇಳಿರ್ತಾರೆ. ನಾವೇ ಎಣಿಸಾಕಿಲ್ಲ ಬುಡು."

ನಾಲ್ಕು ತಾಲ್ಲೂಕು ಸುತ್ತಿ ಕಟ್ಟಿದ ನನ್ನ ಕೋಷ್ಟಕ ಅಲ್ಲೇ ಕುಸಿಯಿತು. ಆದರೂ ನನ್ನ ಬುದ್ಧಿ ಎಲ್ಲಿ ಹೋಗುತ್ತದೆ! ಎಣಿಸದಿದ್ದರೆ ಒಂದು ತಪ್ಪಿಸಿಕೊಂಡದ್ದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿಯೇಬಿಟ್ಟೆ.

"ಮನೇಲಿ ಮಕ್ಳು ಉಣ್ಣಾಕೆ ಕುಂತಾಗ ಎಣಿಸ್ತೀಯಾ? ಯಾರು ಬಂದಿಲ್ಲ ಅಂತ ನೋಡಿದ್ರೆ ಗೊತ್ತಾಗಲ್ವಾ?" ಎಂದರು. ಆಮೇಲೆ ನಗು ನಿಲ್ಲಿಸಿ ಕೇಳಿದರು, "ಅದಿರ್ಲಿ. ನಾವು ಸುಳ್ಳೇಳಿದ್ದು ಕುರಿ ಉಳಿಸ್ಕೊಳ್ಳಾಕೆ. ನೀನ್ಯಾಕೆ ಹೇಳ್ದೆ?"

ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಓದಿಬಿಟ್ಟಳಲ್ಲ ಎಂದು ಸೊಸೆಯ ಮೇಲೆ ಸಿಟ್ಟು ಬಂತು. ಶಿರಾದಲ್ಲಿ ಬಸ್ಸು ಬದಲಾಯಿಸುವಾಗಲೂ ಆ ಸಿಟ್ಟು ಇಳಿದಿರಲಿಲ್ಲ.

ಮರುದಿನ ಸ್ಟಾಫ್ ರೂಮಿನಲ್ಲಿ ಪಕ್ಕದ ಕುರ್ಚಿಯ ಸಹೋದ್ಯೋಗಿಗೆ ಹೇಳಿಕೊಂಡೆ. "ಬಿಡಿ ಮೇಡಂ, ಓದೋ ಒಬ್ಬರು ಓದಿ ಆಯ್ತಲ್ಲ, ಇನ್ಯಾರು ಓದ್ತಾರೆ?" ಎಂದು ಅವರು ನಕ್ಕರು. "ಮುಂದಿನ ತಿಂಗಳು ಬಡ್ತಿ ಕಮಿಟಿ ಇದೆ. ಸುಮ್ಮನಿರಿ."

ಒಂದು ವಾರ ಸುಮ್ಮನಿದ್ದೆ. ಆ ವಾರ ತರಗತಿಯಲ್ಲಿ ಮಾದರಿ ಸಮೀಕ್ಷೆಯ ಪಾಠ ಬಂತು. ಮಾಹಿತಿ ಎಲ್ಲಿಂದ ಬಂತೆಂದು ಪ್ರಾಮಾಣಿಕವಾಗಿ ಬರೆಯಬೇಕು ಎಂದು ಹೇಳುತ್ತ ನನ್ನ ದನಿ ನನಗೇ ಕೇಳಿಸಿತು. ಸಂಜೆ ಸಂಪಾದಕರಿಗೆ ಪತ್ರ ಬರೆದೆ: ನಾನು ಎಣಿಸಿರಲಿಲ್ಲ, ಕೇಳಿದ್ದೆ, ನನಗೆ ಹೇಳಿದ ಸಂಖ್ಯೆಗಳು ನಿಜವಲ್ಲ. ಒಂದು ಸಾಲಿನ ತಿದ್ದುಪಡಿ ಹಾಕಿ ಮುಗಿಸುತ್ತಾರೆ ಎಂಬ ಆಸೆಯಿತ್ತು. ಉತ್ತರ ಬೇರೆಯೇ ಬಂತು. ಲೇಖನ ನಿಂತಿರುವುದೇ ಆ ಸಂಖ್ಯೆಗಳ ಮೇಲೆ, ಆದ್ದರಿಂದ ಹಿಂತೆಗೆದುಕೊಳ್ಳಬೇಕು. ಆದರೆ ಅಳಿಸುವುದಿಲ್ಲ. ಪುಟ ಅಲ್ಲೇ ಇರುತ್ತದೆ, ಮೇಲೆ 'ಹಿಂತೆಗೆಯಲಾಗಿದೆ' ಎಂಬ ಗುರುತು, ಕೆಳಗೆ ಕಾರಣ, ಎಲ್ಲವೂ ಎಲ್ಲರಿಗೂ ತೆರೆದಿರುತ್ತದೆ. ನಾನು ಒಪ್ಪಿಗೆ ಬರೆದು ಕಳಿಸಿದೆ. ಕಮಿಟಿಯ ಮುಂದೆ ಇಡಲು ನನ್ನ ಬಳಿ ಏನೂ ಉಳಿಯಲಿಲ್ಲ. ಅತ್ತುಬಿಟ್ಟೆ ಎಂದು ಬರೆಯಲು ನಾಚಿಕೆಯಿಲ್ಲ.

ಗುರುತು ಬಿದ್ದ ಮೇಲೆ ನಾನೇ ಹಟ್ಟಿಗೆ ಹೋಗಿ ಸೊಸೆಯ ಕೈಗೆ ಮೊಬೈಲ್ ಕೊಟ್ಟೆ. ಅವಳು ಕಾರಣದ ಸಾಲುಗಳನ್ನು ಓದಿ ಅತ್ತೆಗೆ ಬಿಡಿಸಿ ಹೇಳಿದಳು. ಬಡ್ತಿಗಾಗಿ ಹಾಗೆ ಬರೆದಿದ್ದೆ ಎಂದು ನಾನೂ ಒಪ್ಪಿಕೊಂಡೆ. ಅವರು ಈ ಸಲ ನಗಲಿಲ್ಲ.

"ಅಂಗಾರೆ ನಿನ್ನ ಬಡ್ತಿ?"

"ಈ ಸಲ ಇಲ್ಲ."

ಅವರು ಬಾಯಲ್ಲಿದ್ದ ಎಲೆ ಅಡಿಕೆ ಉಗಿದರು. "ಇವತ್ತು ಇಲ್ಲೇ ಇದ್ಬುಡು. ಬೆಳಗ್ಗೆ ರೊಪ್ಪದ ಬಾಗ್ಲು ತೆಗೆಯೋವಾಗ ನಿಂತ್ಕೊ. ಮನಸ್ನಾಗೇ ಎಣಿಸ್ಕೊ, ಬಾಯಿಬುಡಬ್ಯಾಡ."

ಬೆಳಿಗ್ಗೆ ಅವರು ಕುರಿದೊಡ್ಡಿಯ ಮುಳ್ಳುಬೇಲಿ ಸರಿಸಿದರು. ಕುರಿಗಳು ಇಕ್ಕಟ್ಟು ಸಂದಿಯಲ್ಲಿ ಒಂದರ ಹಿಂದೊಂದು ಹೊರಬಿದ್ದವು. ತುಟಿ ಬಿಗಿಹಿಡಿದು ಎಣಿಸತೊಡಗಿದೆ. ಅರ್ಧದಲ್ಲಿ ಒಂದು ಕುಂಟು ಮರಿ ಹೊರಗೆ ಬಂದು, ತಾಯಿ ಕಾಣದೆ ನಿಂತು, ನನ್ನ ಸೀರೆಯನ್ನು ಮೂಸಿತು. ತಾಯಿ ಯಾವುದಿರಬಹುದು ಎಂದು ನಾನು ಅತ್ತಿತ್ತ ನೋಡಿದೆ. ಅಷ್ಟರಲ್ಲಿ ಮಂದೆ ಹರಿದುಹೋಗಿತ್ತು.

"ಮುಗೀತಾ?" ಎಂದರು.

"ಲೆಕ್ಕ ತಪ್ಪಿಹೋಯ್ತಮ್ಮ."

ಅವರು ನನ್ನ ಕೈಚೀಲದಲ್ಲಿದ್ದ ಪುಸ್ತಕದ ಕಡೆ ಗದ್ದ ಎತ್ತಿ ತೋರಿಸಿದರು. "ಅಂಗೇ ಬರಿ ಮತ್ತೆ."

ಅಲ್ಲೇ ನಿಂತು ಬರೆದುಕೊಂಡೆ.