ಅಂಡರ್‌ಗ್ರೌಂಡ್ ಎಂಬ ಮಾತು

ತಾನಾಗಿ ಕೆಳಗಿಳಿಯುವ ಮೆಟ್ಟಿಲಿನ ಮುಂದೆ ನಾನು ನಿಂತೇಬಿಟ್ಟೆ. ನಾಲ್ಕು ದಿನ ಸಿಂಗಪುರ ಸುತ್ತಿ ಕಾಲು ಬಾತುಕೊಂಡಿದ್ದವು. ಆದರೆ ನನ್ನನ್ನು ತಡೆದದ್ದು ಕಾಲುನೋವಲ್ಲ, “ಅಂಡರ್‌ಗ್ರೌಂಡ್ ರೈಲಮ್ಮ, ಬಾ” ಎಂದ ಮಗಳ ಮಾತು. ಕೆ.ಜಿ.ಎಫ್.ನ ನಮ್ಮ ಲೈನ್ ಮನೆಗಳಲ್ಲಿ ಅಂಡರ್‌ಗ್ರೌಂಡ್ ಎಂದರೆ ಚಿನ್ನದ ಗಣಿಯೊಳಗಿನ ಕೆಲಸ. ನಮ್ಮ ಯಜಮಾನರು ಒಂದು ಬೆಳಿಗ್ಗೆ ಹಾಗೆ ಇಳಿದವರು ಮತ್ತೆ ಹತ್ತಿ ಬರಲಿಲ್ಲ.

“ನಾನು ಇಳಿಯಲ್ಲ ಕಣೇ, ನಡ್ಕೊಂಡೇ ಬತ್ತೀನಿ.”

“ಈ ಕಾಲಲ್ಲಾ? ರೂಮು ಸೇರೋದು ನಾಳೆ ಆಯ್ತದೆ!” ಮಗಳೂ ಸೋತಿದ್ದಳು.

ಪಕ್ಕದಲ್ಲಿ ತಮಿಳು ಹೆಂಗಸೊಬ್ಬರು ನೆಲ ಒರೆಸುತ್ತಿದ್ದರು. ಸಂಕೋಚ ಬಿಟ್ಟು, ನಮ್ಮೂರಿನ ತಮಿಳಿನಲ್ಲೇ ಕೇಳಿದೆ: “ಕೆಳಗೆ ಉಸಿರಾಡೋಕೆ ಗಾಳಿ ಬರುತ್ತಾ?”

ಅವರು ನಕ್ಕರು. “ಮೇಲಕ್ಕಿಂತ ಕೆಳಗೇ ತಂಪು. ವಾಂಗಕ್ಕಾ,” ಎಂದು ಕೈಹಿಡಿದು ಇಳಿಸಿದರು.

ಕೆಳಗೆ ಹಗಲಿನಷ್ಟು ಬೆಳಕಿತ್ತು. ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಹದಿನೆಂಟು ವರ್ಷ ಬುತ್ತಿ ಕಟ್ಟಿ ಕಳಿಸಿದವಳು, ಕೆಳಗೆ ಹೇಗಿರುತ್ತೆ ಎಂದು ಯಜಮಾನರನ್ನು ಒಂದು ದಿನವೂ ಕೇಳಿರಲಿಲ್ಲ. ತಾತ ಕೆಲಸ ಮಾಡುತ್ತಿದ್ದ ಜಾಗ ಹೇಗಿತ್ತು ಎಂದು ಮೊಮ್ಮಕ್ಕಳು ಕೇಳಿದರೆ, ಹೇಳಲು ನನ್ನ ಹತ್ತಿರ ಏನೂ ಇಲ್ಲ.