ಸೋಮಮ್ಮ ಉಜ್ಜದೆ ಬುಟ್ಟ ಕಲ್ಲು

ನನ್ನ ಹೆಂಡ್ತಿ ಸೋಮಮ್ಮನಿಗೆ ಕೊಳೆ ಕಂಡ್ರೆ ಮೈಯೆಲ್ಲ ಉರಿ. ಕ್ಯಾತನಹಳ್ಳೀಲಿ ನಮ್ಮ ಮನೆ ಹೊಸ್ಲು, ಹಂಡೆ, ಎಮ್ಮೆ ನೀರು ಕುಡಿಯೋ ತೊಟ್ಟಿ, ಯಾವುದೂ ಅವಳ ತೆಂಗಿನ ನಾರಿಂದ ತಪ್ಪಿಸ್ಕಂಡಿಲ್ಲ. ನಾನು ತಿಮ್ಮರಾಜು, ಪಾಂಡವಪುರದಲ್ಲಿ ಮೋಟ್ರು ವೈಂಡಿಂಗ್ ಅಂಗಡಿ. ಶುಕ್ರವಾರ ಬಂತು ಅಂದ್ರೆ ಬೇಗ ಅಂಗಡಿಗೆ ಓಡ್ಬುಡ್ತೀನಿ, ಎಲ್ಲಿ ನನ್ನೂ ಉಜ್ಬುಡ್ತಾಳೋ ಅಂತ.

ಇಂಥವಳಿಗೆ ಮೀನಿನ ಹುಚ್ಚು ಹಿಡಿಸಿದೋನು ಅವಳ ತಮ್ಮ ಧರ್ಮೇಂದ್ರ. ಮೈಸೂರಲ್ಲಿ ಅಕ್ವೇರಿಯಂ ಅಂಗಡಿ ಇಟ್ಟವ್ನೆ. ಒಂದು ಗಾಜಿನ ತೊಟ್ಟಿ, ಆರು ಮೀನು ತಂದು ಕೊಟ್ಟ. ಮೀನಾ ಅವು? ಚಪ್ಪಟೆ, ಮೈಮೇಲೆ ಬಲೆ ಬಲೆ ಗೆರೆ, ಈಜೋದು ಬುಟ್ಟು ಕಲ್ಲಿಗೆ ಅಂಟ್ಕಂಡು ಕೂತಿರ್ತವೆ. ಬೆಟ್ಟದ ಝರೀಲಿ ನೀರಿಗೆ ಕೊಚ್ಚಿ ಹೋಗ್ದಂಗೆ ಕಲ್ಲು ಕಚ್ಕಂಡು ಬದ್ಕೋ ಜಾತಿಯಂತೆ. "ಭಾವ, ಇವುಕ್ಕೆ ನಿಂತ ನೀರು ಆಗಲ್ಲ" ಅಂದ. ಸರಿ, ಹಳೇ ಕೂಲರ್ ಮೋಟ್ರು ರಿಪೇರಿ ಮಾಡಿ ನೀರು ಓಡೋ ಅಂಗೆ ನಾನೇ ಕೂರಿಸ್ದೆ.

ಅವತ್ತಿಂದ ಡೈರಿಗೆ ಹಾಲು ಹಾಕ್ಬಂದು ಅದ್ರ ಮುಂದೆ ಕುಕ್ಕರುಗಾಲಲ್ಲಿ ಕೂರೋಳು. "ಇವು ಉಸ್ರಾಡೋದು ಎಲ್ಲಿಂದ? ಗಂಡು ಯಾವುದು, ಹೆಣ್ಣು ಯಾವುದು?" ನಂಗೇನು ಗೊತ್ತು? "ನಾನೇನು ಸೂಲಗಿತ್ತಿಯಾ?" ಅಂತ ರೇಗಿದೆ. ನಾಕು ತಿಂಗ್ಳಾದ್ಮೇಲೆ ಒಂದಿನ ಕಿರುಚ್ಕಂಡ್ಲು. ಜಲ್ಲಿ ಸಂದೀಲಿ ನುಚ್ಚಕ್ಕಿಯಷ್ಟು ಮರಿ! ಒಂಬತ್ತು. ಬೀದಿಗೆಲ್ಲ ಸಾರ್ಕಂಡು ಬಂದ್ಲು. ಮರಿಗೆ ಕೊಳೆ ತಾಗ್ಬಾರ್ದು ಅಂತ ದಿನಾ ಒಂದೊಂದೇ ಕಲ್ಲು ತೆಗ್ದು ಪಾಚಿ ಹೋಗೋ ಅಂಗೆ ಉಜ್ಜಿ ಇಟ್ಲು. ಹತ್ತು ದಿನದಲ್ಲಿ ಒಂಬತ್ತೂ ಹೋದ್ವು.

ಊಟ ಬುಟ್ಲು. ನನ್ನ ಈ ಬಾಯಿ ಸುಮ್ನಿರಲ್ವಲ್ಲ, "ಮೀನಿಗೂ ಸೂತಕ ಮಾಡ್ತೀಯೇನೇ?" ಅಂದ್ಬುಟ್ಟೆ. ಅವಳ ಕಣ್ಣು ತೊಟ್ಟಿ ಮೇಲೇ. "ದೊಡ್ಡವು ಗಟ್ಟಿಮುಟ್ಟಾಗವೆ, ಚಿಕ್ಕವು ಮಾತ್ರ ಯಾಕೆ ಹೋದ್ವು?" ಅದೊಂದೇ ಪ್ರಶ್ನೆ.

ಉತ್ರ ಸಿಕ್ಕಿದ್ದು ಮೋಟ್ರು ಹಿಂದೆ. ಕೈ ತೂರದ ಸಂದೀಲಿ ಒಂದು ಕಲ್ಲು ಪಾಚಿ ಕಟ್ಕಂಡು ಉಳ್ದಿತ್ತು. ಅದ್ರ ಮೇಲೆ ಅವಳ ಎಣಿಕೆಗೆ ಸಿಗದಿದ್ದ ಇನ್ನೊಂದು ಮರಿ, ದುಂಡುದುಂಡಗೆ, ಪಾಚಿ ನೆಕ್ಕಂಡು ಕೂತಿತ್ತು. ದೊಡ್ಡವು ಇವಳು ಹಾಕೋ ಸೌತೆಕಾಯಿ ತಿಂತಿದ್ವು, ಮರಿಗಳಿಗೆ ಪಾಚಿನೇ ಎದೆಹಾಲು. "ಅಯ್ಯೋ, ಅವುಗಳ ಅನ್ನ ನಾನೇ ತೊಳ್ದಾಕ್ಬುಟ್ನಲ್ಲಾ" ಅಂತ ಗಳಗಳ ಅತ್ಲು.

ಆಮೇಲೆ ಎಮ್ಮೆ ತೊಟ್ಟೀಲಿ ಕಲ್ಲು ಹಾಕಿ, ಬಿಸ್ಲಲ್ಲಿ ಪಾಚಿ ಬರ್ಸಿ ತಂದಿಡೋಳು. ಯುಗಾದಿ ಹೊತ್ಗೆ ಮತ್ತೆ ಮರಿ. ಹಬ್ಬಕ್ಕೆ ಮನೆಯೆಲ್ಲ ಥಳಥಳ, ಮೀನಿನ ತೊಟ್ಟಿ ಮಾತ್ರ ಹಸ್ರುಗಟ್ಟಿ ನಿಂತಿತ್ತು. ಪಾಲಹಳ್ಳಿಯಿಂದ ಬಂದ ನಮ್ಮಕ್ಕ ಬೀರಮ್ಮ, "ಥೂ, ಹಬ್ಬದ ದಿನ ಮನೆಯೊಳ್ಗೆ ಪಾಚಿಯಾ? ನಿಂಗೇನ್ ಬಂತೇ ಸೋಮಿ?" ಅಂತ ಸೆರಗು ಸಿಗ್ಸಿ, ನಾರು ಹಿಡ್ಕಂಡು ನೀರಿಗೆ ಕೈ ಹಾಕಕ್ಕೇ ಹೋಗೋದಾ!

"ಅಕ್ಕೋ, ಮುಟ್ಟಿದ್ರೆ ನೋಡು!" ಅಂತ ಅರಚ್ಬುಟ್ಟೆ. ಅಕ್ಕನ ಮೇಲೆ ಯಾವತ್ತೂ ದನಿ ಎತ್ತಿದೋನಲ್ಲ ನಾನು.

ಸೋಮಮ್ಮ ಅಕ್ಕನ ಕೈ ಹಿಡ್ದು ಗಾಜಿನ ಹತ್ರ ಬಗ್ಗಿಸಿದ್ಲು. ಪಾಚಿ ತುಂಬ ಮರಿ, ಇಪ್ಪತ್ತರ ಮೇಲೆ. ಅಕ್ಕ ಕನ್ನಡಕ ಏರ್ಸಿ ನೋಡಿ, "ಅಯ್ ಶಿವನೇ, ಇಷ್ಟಿಷ್ಟಕ್ಕೂ ಕಣ್ಣು ಅವಲ್ಲೇ!" ಅಂದ್ಲು.

"ಆ ಒಂಬತ್ತಕ್ಕೂ ಇದ್ವು ಅತ್ಗೆ" ಅಂದ್ಲು ಸೋಮಮ್ಮ.